ಅವರ ಕಣ್ಣಿಗೋಸ್ಕರ

ಸಿಂಗಾರದಕ್ಕ ಒಳಗೆ ಬಂದವಳು ಕುರ್ಚಿ ತೋರಿಸಿದರೂ ಕೂರಲಿಲ್ಲ. ಹಜಾರದ ನಡುವೆ ನಿಂತು ಸುತ್ತ ಒಮ್ಮೆ ತಿರುಗಿದಳು. ಕನ್ನಡಕ ತೆಗೆದು ಕರವಸ್ತ್ರದಿಂದ ಒರೆಸಿ ಮತ್ತೆ ಹಾಕಿಕೊಂಡು ಇನ್ನೊಮ್ಮೆ ತಿರುಗಿದಳು.

"ತಪ್ಪು ತಿಳ್ಕೋಬೇಡಿ ಅಮ್ಮಾ. ಈ ಮನೆಗೆ ಮೈ ಇದೆ, ಮುಖ ಇಲ್ಲ."

"ಹಾಗಂದ್ರೆ?"

"ಗೋಡೆ ಎಲ್ಲಿ ಮುಗೀತು, ಬಾಗಿಲು ಎಲ್ಲಿ ಶುರುವಾಯ್ತು ಅಂತ ನನಗೇ ಗೊತ್ತಾಗ್ತಿಲ್ಲ. ಹಾಲು ಉಕ್ಕಿ ಚೆಲ್ಲಿದ ಹಾಗಿದೆ. ಇನ್ನು ಫೋಟೋದಲ್ಲಿ ನೋಡೋರಿಗೆ ಏನು ಕಂಡೀತು?"

"ನನಗೆ ಎದುರಿಗಿದ್ರೂ ಕಾಣಲ್ಲ," ಎಂದಿತು ಮೆಟ್ಟಿಲ ಬುಡದ ಕುರ್ಚಿಯಿಂದ ಒಂದು ದನಿ. "ಫೋಟೋದವರ ಪಾಡೂ ನನ್ನ ಪಾಡೂ ಒಂದೇ ಆಯ್ತು ಬಿಡಿ."

ಗಂಡ ಇಂಥ ತಮಾಷೆ ಮಾಡಿದಾಗಲೆಲ್ಲ ಹೆಂಡತಿ ನಗುತ್ತಿರಲಿಲ್ಲ. ಬೀದಿಯವರ ಬಾಯಲ್ಲಿ ಇವರಿಬ್ಬರು ನಕ್ಷೆಯಪ್ಪ ಮತ್ತು ಲ್ಯಾಬಮ್ಮ. ಅವನು ಕಟ್ಟಡಗಳ ನಕ್ಷೆ ಬರೆಯುತ್ತಿದ್ದವನು. ಕಣ್ಣಿನ ಒಳಪರದೆ ಸವೆಯತೊಡಗಿ, ಐವತ್ತು ತುಂಬುವ ಮೊದಲೇ ಕೆಲಸ ಬಿಟ್ಟಿದ್ದ. ಪೂರ್ತಿ ಕತ್ತಲೆಯಲ್ಲ, ಮಂಜಿನೊಳಗೆ ನಿಂತು ನೋಡಿದ ಹಾಗೆ. ಇರುವಷ್ಟು ಉಳಿಯಬಹುದು, ಹೋದದ್ದು ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅವಳು ಆಸ್ಪತ್ರೆಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಹಿರಿಯ ಟೆಕ್ನಿಷಿಯನ್. ಮನೆ ಊರಂಚಿನ ದಿಬ್ಬದ ಮೇಲಿತ್ತು, ಆಸ್ಪತ್ರೆ ಊರಿನ ಇನ್ನೊಂದು ತುದಿಯಲ್ಲಿ. ಒಂದು ಬಸ್ಸಿಳಿದು ಇನ್ನೊಂದು ಹತ್ತಿ ಹೋಗಬೇಕು. ಸಂಜೆ ಹಾಗೆಯೇ ಬಂದು, ತರಕಾರಿ ಚೀಲ ಹೊತ್ತು ದಿಬ್ಬ ಏರಬೇಕು. ಬಂದಮೇಲೆ ಮನೆಯೊಳಗಿನ ಮೆಟ್ಟಿಲುಗಳು ಬೇರೆ: ಅಡುಗೆಮನೆ ಕೆಳಗೆ, ಮಲಗುವ ಕೋಣೆ ಮೇಲೆ, ಬಟ್ಟೆ ಒಣಗಿಸುವುದು ಅದಕ್ಕೂ ಮೇಲೆ.

ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ, ನೆಲಮಹಡಿಯಲ್ಲಿ, ಅವಳೊಂದು ಪುಟ್ಟ ಫ್ಲ್ಯಾಟು ನೋಡಿಟ್ಟಿದ್ದಳು. "ತಿಂಗಳ ಕೊನೆವರೆಗೆ ನಿಮಗೆ ಅಂತ ಇಟ್ಟಿರ್ತೀನಿ. ಆಮೇಲೆ ನನ್ನ ಕೇಳ್ಬೇಡಿ," ಎಂದಿದ್ದಳು ಅದರ ಮಾಲೀಕಳು. ಈ ಮನೆ ಹೋಗದೆ ಆ ಮನೆ ಬರುವಂತಿರಲಿಲ್ಲ. ಆದರೆ ಇಲ್ಲಿಗೆ ಬಂದವರೆಲ್ಲ ಒಂದು ಸುತ್ತು ಹಾಕಿ, "ಮನೇಲಿ ಕೇಳಿ ಹೇಳ್ತೀವಿ" ಎಂದು ಹೋದವರು ಹೋದವರೇ. ಅದಕ್ಕೇ ದಲ್ಲಾಳಿ ಸಿಂಗಾರದಕ್ಕನನ್ನು ಕಳಿಸಿದ್ದ. ಮಾರಬೇಕಾದ ಮನೆಗಳನ್ನು ಕೊಳ್ಳುವವರ ಕಣ್ಣಿಗೆ ಹಿಡಿಸುವಂತೆ ಸಜ್ಜು ಮಾಡಿ ಕೊಡುವುದೇ ಅವಳ ಕಸುಬು.

"ಅಷ್ಟು ಚೆಂದದ ಮನೆ ಯಾಕೆ ಮಾರ್ತೀರಾ?" ಎಂದು ಯಾರೇ ಕೇಳಲಿ, ಲ್ಯಾಬಮ್ಮನ ಉತ್ತರ ಒಂದೇ: "ಅವರ ಕಣ್ಣಿಗೋಸ್ಕರ. ಈ ಮೆಟ್ಟಿಲು ಅವರಿಗೆ ಆಗಲ್ಲ." ಕೇಳಿದವರು ಅವಳ ಕೈ ಹಿಡಿದು ಮೆಲ್ಲಗೆ ಅದುಮುತ್ತಿದ್ದರು. ನಕ್ಷೆಯಪ್ಪನೂ ಅದನ್ನೇ ಒಪ್ಪಿಕೊಂಡಿದ್ದ. ಈ ಮನೆಯ ನಕ್ಷೆ ಬರೆದವನು ಅವನೇ. ಮೆಟ್ಟಿಲು ತಿರುಗುವಲ್ಲಿ ಬೆಳಗಿನ ಬಿಸಿಲು ಬೀಳುವಂತೆ ಒಂದು ಕಿಟಕಿ ಇಟ್ಟಿದ್ದ. ಈಗ ಅಲ್ಲಿ ಬಿಸಿಲು ಬಿದ್ದದ್ದು ಅವನಿಗೆ ಕೆನ್ನೆಯಿಂದಷ್ಟೇ ತಿಳಿಯುತ್ತಿತ್ತು.

ಮನೆ ಹೀಗೆ ಹಾಲಿನಂತಾದದ್ದಕ್ಕೂ ಆ ಕಣ್ಣೇ ಕಾರಣ. ಮಂಜು ಕವಿಯತೊಡಗಿದ ವರ್ಷ ಅವಳು ಮನೆಗೆಲ್ಲ ತಿಳಿಬಣ್ಣ ಹೊಡೆಸಿದ್ದಳು. ಬೆಳಕು ಹೆಚ್ಚಾದರೆ ಕಂಡೀತು ಎಂಬ ಆಸೆ. ಗೋಡೆ ಬಿಳಿ, ಬಾಗಿಲು ಬಿಳಿ, ಮೆಟ್ಟಿಲಿಗೆ ಬಿಳಿಯ ಹಾಸು, ಮೇಜಿಗೆ ಬಿಳಿಯ ಹೊದಿಕೆ, ಕಪ್ಪು-ಬಸಿಗಳೂ ಬಿಳಿ. ಕಣ್ಣು ಇನ್ನಷ್ಟು ಇಳಿದಾಗ ಪ್ರತಿ ಕೋಣೆಗೆ ಇನ್ನೊಂದು ಟ್ಯೂಬ್‌ಲೈಟು. ಆದರೂ ಅವನು ಬಾಗಿಲೆಂದು ಗೋಡೆಗೆ ಹೋಗುತ್ತಿದ್ದ. "ಗೋಡೆಗೂ ನನಗೂ ಹಳೇ ಸ್ನೇಹ," ಎಂದು ಹಣೆ ಉಜ್ಜಿಕೊಳ್ಳುತ್ತಿದ್ದ.

ಸಿಂಗಾರದಕ್ಕ ಮರುದಿನವೇ ಪೇಂಟರನ್ನು ಕರೆತಂದಳು. ಅವಳ ಕೆಲಸದ ರೀತಿ ವಿಚಿತ್ರವಾಗಿತ್ತು. ಮನೆಯ ಪ್ರತಿ ಕುರ್ಚಿಯಲ್ಲೂ ಸ್ವಲ್ಪ ಹೊತ್ತು ಕೂತು, ಅಲ್ಲಿಂದ ಏನು ಕಾಣುತ್ತದೆಂದು ನೋಡುವಳು. ಚಪ್ಪಲಿ ಬಿಟ್ಟು ಹಾಸಿಗೆಯ ಮೇಲೆ ಮಲಗಿ ಚಾವಣಿ ನೋಡುವಳು. ಆಮೇಲೆ ಎದ್ದು, "ಇದು ಬೇಡ, ಇದು ಬೇಡ, ಇದಂತೂ ಬೇಡವೇ ಬೇಡ," ಎನ್ನುತ್ತ ಅರ್ಧ ಸಾಮಾನನ್ನು ಹಿಂದಿನ ಕೋಣೆಗೆ ಸಾಗಿಸುವಳು. ಗೋಡೆಯ ಮೇಲಿನ ಮನೆಮಂದಿಯ ಫೋಟೋಗಳೂ ಇಳಿದವು.

"ಕೊಳ್ಳೋರು ನಿಮ್ಮ ಮನೆ ಕೊಳ್ಳಲ್ಲ ಅಮ್ಮಾ. ನಿಮ್ಮ ಮನೇಲಿ ತಮ್ಮ ಮನೆ ಹುಡುಕ್ತಾರೆ. ನಿಮ್ಮತ್ತೆ ಗೋಡೆ ಮೇಲಿಂದ ಹೀಗೆ ದುರುಗುಟ್ಟಿ ನೋಡ್ತಿದ್ರೆ ಅವರಿಗೆ ಹುಡುಕೋ ಧೈರ್ಯ ಬರುತ್ತಾ?"

"ಹಳೇದೆಲ್ಲ ಹಿಂದಿನ ಕೋಣೆಗಾದ್ರೆ ನನ್ನನ್ನೂ ಅಲ್ಲಿಗೇ ಹಾಕ್ಬಿಡಿ," ಎಂದ ನಕ್ಷೆಯಪ್ಪ.

"ನೀವು ಇರ್ಲಿ ಅಣ್ಣಾ. ಮನೆ ಅಂದಮೇಲೆ ಒಂದಾದ್ರೂ ಗಟ್ಟಿಮುಟ್ಟಾದ ಸಾಮಾನು ಹಜಾರದಲ್ಲಿ ಇರ್ಬೇಕು."

"ಮನೆ ಕಟ್ಟಿದ್ದಾಯ್ತು, ಮದುವೆ ಆಗಿದ್ದಾಯ್ತು. ಇಷ್ಟು ಕಷ್ಟ ಎರಡರಲ್ಲೂ ಇರ್ಲಿಲ್ಲ."

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದವರು ಮನೆ ಮಾರಿ ನೋಡಿರ್ಲಿಲ್ಲ ಅಣ್ಣಾ. ನೋಡಿದ್ರೆ ಗಾದೆ ಇನ್ನೂ ಉದ್ದ ಇರ್ತಿತ್ತು."

ಲ್ಯಾಬಮ್ಮನಿಗೆ ನಗಲು ಪುರಸೊತ್ತಿರಲಿಲ್ಲ. ಪೇಂಟರ್ ಡಬ್ಬಿ ತೆರೆದಾಗ ಅವಳು ಎರಡು ಹೆಜ್ಜೆ ಮುಂದೆ ಬಂದು ಬಗ್ಗಿ ನೋಡಿದಳು. ಗೋಡೆ ಬಿಳಿಯಾಗೇ ಉಳಿಯಿತು, ಬಾಗಿಲು, ಚೌಕಟ್ಟುಗಳಿಗೆ ಕಡುನೀಲಿ. ಮೆಟ್ಟಿಲ ಹಾಸು ಕಿತ್ತು, ಒಂದೊಂದು ಮೆಟ್ಟಿಲ ಅಂಚಿಗೂ ದಟ್ಟ ಕಂದು ಪಟ್ಟಿ. ಮೆಟ್ಟಿಲ ಕಟಕಟೆಗೆ ಕಪ್ಪು ಬಣ್ಣ. ಮೇಜಿನ ಬಿಳಿ ಹೊದಿಕೆ ಹೋಗಿ, ಅಡಿಯಲ್ಲಿದ್ದ ಮರಕ್ಕೆ ಎಣ್ಣೆ ತಿಕ್ಕಿದ್ದಾಯಿತು. ಟ್ಯೂಬ್‌ಲೈಟುಗಳನ್ನೆಲ್ಲ ಇಳಿಸಿ, ಅವುಗಳ ಬದಲು ಬಟ್ಟೆಯ ಮುಸುಕಿನ ದೀಪಗಳನ್ನು ಮೇಜಿನ ಪಕ್ಕ, ಮೆಟ್ಟಿಲ ಬದಿಯಲ್ಲಿ, ಕುರ್ಚಿಯ ಹಿಂದೆ ಇಟ್ಟರು.

"ಅಯ್ಯೋ ಅಕ್ಕಾ, ಕತ್ತಲೆ ಆಗೋಯ್ತು. ಅವರಿಗೆ ಇದ್ದದ್ದೂ ಕಾಣಲ್ಲ."

"ಫೋಟೋ ತೆಗೆಯೋವರೆಗೆ, ನಾಲ್ಕು ಜನ ಬಂದು ಹೋಗೋವರೆಗೆ ತಡ್ಕೊಳ್ಳಿ. ಆಮೇಲೆ ನೀವು ಹೊಸ ಮನೇಲಿ, ಹೊಸ ಟ್ಯೂಬ್‌ಲೈಟಲ್ಲಿ."

ಬಣ್ಣ ಒಣಗಿದ ಮರುದಿನ ಬೆಳಿಗ್ಗೆ ಅವಳು ಅಡುಗೆಮನೆಯಿಂದ ಕಾಫಿ ತಂದು ಮೇಜಿನ ಮೇಲಿಟ್ಟು, ಎಂದಿನಂತೆ "ಬಲಕ್ಕಿದೆ ರೀ" ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಅವನು ಕೈ ಚಾಚಿ ಕಪ್ಪಿನ ಕಿವಿ ಹಿಡಿದೆತ್ತಿಕೊಂಡಿದ್ದ. ತಡವಲಿಲ್ಲ, ಮೇಜಿನ ಮೇಲೆ ಬೆರಳು ನಡೆಸಲಿಲ್ಲ. ಒಂದು ಗುಟುಕು ಕುಡಿದವನು ಹಾಗೇ ನಿಂತ.

"ಇದೇನೇ ಇದು, ಕಪ್ಪು ಇದ್ದಕ್ಕಿದ್ದಂತೆ ಬಂತು?"

"ಬಂತು ಅಂದ್ರೆ?"

"ಬಂತು ಅಂದ್ರೆ ಬಂತು. ಬೆಳ್ಳಗೆ, ದುಂಡಗೆ ಎದುರಿಗಿತ್ತು. ಹಿಡ್ಕೊಂಡೆ."

ಅವಳು ಅದನ್ನು ತಲೆಯಲ್ಲಿಟ್ಟುಕೊಂಡೇ ಬಸ್ಸು ಹತ್ತಿದಳು. ಲ್ಯಾಬಿನಲ್ಲಿ ಮೊದಲ ರಕ್ತದ ಹನಿಯನ್ನು ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಎಳೆದು, ಒಣಗಿಸಿ, ಬಣ್ಣ ಹನಿಸಿ ಕಾಯುತ್ತಿದ್ದಾಗ ಅವಳ ಕೈ ನಿಂತಿತು. ಬಣ್ಣ ಹಾಕದ ಬಿಳಿ ರಕ್ತಕಣ ಸೂಕ್ಷ್ಮದರ್ಶಕದಡಿ ಇದ್ದೂ ಇಲ್ಲದಂತೆ ಇರುತ್ತದೆ. ಸುತ್ತಲಿನ ನೀರಿನಂತೆಯೇ ಅದೂ ನಿರ್ವರ್ಣ. ದೀಪ ಹೆಚ್ಚಿಸಿದರೆ ಇನ್ನಷ್ಟು ಕರಗಿಹೋಗುತ್ತದೆ, ಅಷ್ಟೇ. ನೇರಳೆ ಬಣ್ಣ ಹಿಡಿದಾಗ ಮಾತ್ರ ಕಣದ ನಡುಬೀಜ ಎದ್ದು ಬರುತ್ತದೆ. ಕಣ್ಣಿಗೆ ಬೇಕಾದದ್ದು ಬರಿಯ ಬೆಳಕಲ್ಲ. ಒಂದಕ್ಕೂ ಅದರ ಪಕ್ಕದ್ದಕ್ಕೂ ಇರುವ ಭೇದ. ಕೆಲಸಕ್ಕೆ ಬಂದ ಪ್ರತಿ ಹೊಸಬರಿಗೂ ಅವಳು ಹೇಳಿಕೊಡುತ್ತಿದ್ದ ಮೊದಲ ಪಾಠ ಇದು. ದಿನವಿಡೀ ಇಲ್ಲಿ ಬಣ್ಣ ಹಾಕಿ ನೋಡುತ್ತಿದ್ದವಳು, ಮನೆಗೆ ಹೋಗಿ ಗಂಡನ ಲೋಕದ ಬಣ್ಣವನ್ನೆಲ್ಲ ತೊಳೆದು ಹಾಕಿದ್ದಳು! ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ಇಲ್ಲಿ ಬುಡದಲ್ಲೂ ದೀಪ ಹಚ್ಚಿಟ್ಟು ಕತ್ತಲೆ ಮಾಡಿದ್ದಾಗಿತ್ತು. ಅವಳಿಗೆ ಅಲ್ಲೇ ಕೂತು ಅಳಬೇಕೆನಿಸಿತು, ನಗಬೇಕೆನಿಸಿತು. ಪಕ್ಕದವಳು, "ಏನಾಯ್ತು ಮೇಡಂ, ಸ್ಲೈಡು ಕೆಟ್ಟಿತಾ?" ಎಂದಾಗ, "ಇಲ್ಲಮ್ಮ, ಚೆನ್ನಾಗೇ ಹಿಡಿದಿದೆ," ಎಂದಳು.

ಸಂಜೆ ಅವಳು ಬೀಗ ತೆಗೆಯುವಷ್ಟರಲ್ಲಿ ನಕ್ಷೆಯಪ್ಪ ಮೇಲಿನಿಂದ ಇಳಿದು ಬರುತ್ತಿದ್ದ. ಗೋಡೆ ಸವರುತ್ತಿರಲಿಲ್ಲ. ಕಂದು ಪಟ್ಟಿಗಳನ್ನು ನೋಡಿಕೊಂಡು, ಶಾಲೆಗೆ ಹೊಸದಾಗಿ ಸೇರಿದ ಹುಡುಗಿಯ ಹಾಗೆ ಜಂಬದಿಂದ ಒಂದೊಂದೇ ಕಾಲಿಡುತ್ತ ಬಂದ. ಕೊನೆಯ ಮೆಟ್ಟಿಲಿಳಿದು ತಲೆ ಎತ್ತಿದವನು ನಿಂತುಬಿಟ್ಟ. ಅವಳು ಕಡುನೀಲಿ ಬಾಗಿಲಿಗೆ ಬೆನ್ನು ಕೊಟ್ಟು ಚಪ್ಪಲಿ ಬಿಡುತ್ತಿದ್ದಳು.

"ತಲೆ ಮೇಲೆ ಏನೇ ಅದು, ಬಿಳೀ ಬಟ್ಟೆ?"

"ಬಟ್ಟೆ ಅಲ್ಲ ರೀ. ಕೂದಲು."

ಅವನು ಹತ್ತಿರ ಬಂದ. ಬಾಗಿಲಿನ ನೀಲಿ, ಅದರ ಮುಂದೆ ಅವಳ ತಲೆಯ ಬೆಳ್ಳಗಿನ ಅಂಚು. ನಡುವಿನ ಮುಖ ಇನ್ನೂ ಮಂಜೇ. "ಯಾವಾಗ ಇಷ್ಟೊಂದು ಆಯ್ತು?"

"ಆಗಿ ಎಷ್ಟೋ ಕಾಲ ಆಯ್ತು. ಬಣ್ಣ ಹಚ್ತಿದ್ದೆ. ನಿಮಗೆ ಕಾಣಲ್ಲ ಅಂತಾದ ಮೇಲೆ ಯಾರಿಗೋಸ್ಕರ ಅಂತ ಬಿಟ್ಟೆ."

"ಮೋಸ! ನಾನು ಇಷ್ಟು ದಿನ ಕಪ್ಪು ಕೂದಲಿನವಳ ಜೊತೆ ಸಂಸಾರ ಮಾಡ್ತಿದೀನಿ ಅಂದ್ಕೊಂಡಿದ್ದೆ."

ಇಬ್ಬರೂ ನಕ್ಕರು. ಬಹಳ ದಿನಗಳ ಮೇಲೆ ನಕ್ಕದ್ದು. ನಗು ನಿಂತ ಮೇಲೆ ಅವನು, ಬಾಗಿಲ ಚೌಕಟ್ಟಿನ ಮೇಲೆ ಕೈಯಾಡಿಸುತ್ತ, ಎಳೆಯ ಹುಡುಗನ ಸಡಗರದಿಂದ ಹೇಳಿದ:

"ಮನೆ ಮಾರೋದು ಬೇಡ ಕಣೇ."

ಅವಳು ಬಿಟ್ಟ ಚಪ್ಪಲಿಯನ್ನು ಗೋಡೆ ಬದಿಗೆ ಸರಿಸಿಟ್ಟಳು.

"ನನ್ನ ಕಣ್ಣಿಗೋಸ್ಕರ ತಾನೇ ಮಾರೋಕೆ ಹೊರಟಿದ್ದು? ಕಣ್ಣಿಗೆ ಈಗ ಮನೆ ಕಾಣ್ತಿದೆಯಲ್ಲ. ಬಾಗಿಲು ಬಾಗಿಲಾಗಿದೆ, ಮೆಟ್ಟಿಲು ಮೆಟ್ಟಿಲಾಗಿದೆ. ಇನ್ಯಾತಕ್ಕೆ ಹೋಗೋದು? ನಾಳೆನೇ ದಲ್ಲಾಳಿಗೆ ಹೇಳ್ಬಿಡು."

"ಭಾನುವಾರ ನೋಡೋಕೆ ಬರ್ತಾರೆ. ಬಂದು ಹೋಗ್ಲಿ," ಎಂದಷ್ಟೇ ಹೇಳಿ ಅವಳು ಅಡುಗೆಮನೆಗೆ ಹೋದಳು. ಅಲ್ಲಿ ನಲ್ಲಿ ತಿರುಗಿಸಿ, ತೊಳೆಯಲು ಏನೂ ಇಲ್ಲದಿದ್ದರೂ ನೀರಿನಡಿ ಕೈ ಹಿಡಿದು ನಿಂತಳು. ಅವನು ಸಂತೋಷವಾಗಿದ್ದಾನೆ. ಅದಕ್ಕಿಂತ ಹೆಚ್ಚಿನದೇನು ಬೇಕು? ಬೇಕಿತ್ತು. ಆಸ್ಪತ್ರೆಯ ಹಿಂದಿನ ಆ ಬೀದಿ ಬೇಕಿತ್ತು. ಕೆಲಸ ಮುಗಿಸಿ ಹೊರಬಿದ್ದ ಕೂಡಲೇ ಮನೆ ಬಾಗಿಲು ಬೇಕಿತ್ತು. ಒಂದು ಸಂಜೆ ಬೆಳಕಿರುವಾಗಲೇ ಕಾಲು ಚಾಚಿ ಕೂರುವುದು ಬೇಕಿತ್ತು. ಇದನ್ನೆಲ್ಲ ಅವಳು ಯಾರಿಗೂ ಹೇಳಿರಲಿಲ್ಲ. ಹೇಳಬೇಕಾದಾಗಲೆಲ್ಲ ಗಂಡನ ಕಣ್ಣು ಅಲ್ಲಿತ್ತು, ಅದರ ಹಿಂದೆ ನಿಂತುಬಿಟ್ಟರೆ ಯಾರೂ ಎದುರಾಡುತ್ತಿರಲಿಲ್ಲ. ಈಗ ಆ ಮರೆ ಸರಿದಿತ್ತು.

ಶನಿವಾರ ಬೆಳಿಗ್ಗೆ ಅವಳು ಕಪಾಟಿನಿಂದ ಬಿಳಿಯ ಮೇಜುಹೊದಿಕೆ ತೆಗೆದಳು. ನಾಳೆ ಜನ ಬರುವವರೆಗೆ ಮೇಜಿನ ಮೇಲೆ ಕಲೆ ಬೀಳದಿರಲಿ ಎಂದು ತನಗೆ ತಾನೇ ಹೇಳಿಕೊಂಡಳು. ಹಾಸಿ, ಮೂಲೆ ಎಳೆದು ಸರಿಮಾಡಿ, ಅದರ ಮೇಲೆ ಬಿಳಿಯ ಕಪ್ಪು ಇಟ್ಟಳು. ಎಲ್ಲಿದೆ ಎಂದು ಹೇಳಲಿಲ್ಲ.

ನಕ್ಷೆಯಪ್ಪ ಸಿಳ್ಳೆ ಹಾಕುತ್ತ ಬಂದು ಕೂತು ಕೈ ಚಾಚಿದ. ಕೈ ಗಾಳಿಯಲ್ಲಿ ನಿಂತಿತು. ಸಿಳ್ಳೆಯೂ ನಿಂತಿತು. ಬೆರಳುಗಳು ಬಟ್ಟೆಯ ಮೇಲಿಳಿದು, ಹಿಂದಿನಂತೆ, ಇರುವೆಗಳ ಹಾಗೆ ನಡೆಯತೊಡಗಿದವು. ಕಪ್ಪು ತಾಗಿ ಉರುಳಿತು. ಕಾಫಿ ಅವನ ಮಡಿಲಿಗೂ ಹರಿಯಿತು.

"ತಪ್ಪಾಯ್ತು ಕಣೇ," ಎಂದ ಅವನು, ಒದ್ದೆಯಾದ ಕೈಯನ್ನು ಕಣ್ಣ ಹತ್ತಿರ ತಂದು ನೋಡುತ್ತ. ಆಮೇಲೆ ಬಹಳ ಮೆಲ್ಲಗೆ, "ಕಂಡಿದ್ದು ಸುಳ್ಳೇನೋ. ಆಸೆಗೆ ಹಾಗನ್ನಿಸಿತೇನೋ," ಎಂದ.

ಅವಳಿಗೆ ತಡೆದುಕೊಳ್ಳಲಾಗಲಿಲ್ಲ. ಹೊದಿಕೆಯನ್ನು ಕಪ್ಪು-ಬಸಿ ಸಮೇತ ಸೆಳೆದು ನೆಲಕ್ಕೆ ಹಾಕಿದಳು.

"ಸುಳ್ಳಲ್ಲ ರೀ. ನಾನೇ ಬಿಳಿ ಬಟ್ಟೆ ಹಾಸಿದೆ. ನಿಮಗೆ ಕಾಣದಿರಲಿ ಅಂತಲೇ ಹಾಸಿದೆ."

"ಯಾಕೆ?"

"ಕಂಡ್ರೆ ನೀವು ಇಲ್ಲಿಂದ ಕದಲಲ್ಲ. ನನಗೆ ಹೋಗಬೇಕು. ನಿಮ್ಮ ಕಣ್ಣಿಗೋಸ್ಕರ ಅಲ್ಲ, ನನಗೋಸ್ಕರ. ನನಗೆ ಸಾಕಾಗಿದೆ ರೀ. ಆ ಬಸ್ಸು, ಈ ದಿಬ್ಬ, ಈ ಮೆಟ್ಟಿಲು. ರಾತ್ರಿ ಮಲಗಿದ್ರೂ ಕಾಲು ಹತ್ತುತ್ತಾನೇ ಇರುತ್ತೆ. ಎಷ್ಟು ಸಲ ಹೇಳ್ಬೇಕು ಅಂದ್ಕೊಂಡೆ. ಕಣ್ಣಿಲ್ಲದವರ ಮುಂದೆ ಕಾಲು ನೋವು ಅನ್ನೋಕೆ ಬಾಯಿ ಬರ್ಲಿಲ್ಲ."

ಅವನು ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡ. ದನಿ ಒರಟಾಗಿತ್ತು.

"ಮನೆ ಬಿಡ್ಬೇಕು ಅಂದಿದ್ದಕ್ಕೆ ಸಿಟ್ಟಿಲ್ಲ. ನಿನಗೆ ಬೇಕಾಗಿದ್ದಕ್ಕೆ ನನ್ನ ಕಣ್ಣನ್ನ ಮುಂದೆ ಮಾಡಿದ್ಯಲ್ಲ, ಅದು. ಬೀದಿಯವರೆಲ್ಲ ನನ್ನ ನೋಡಿ, ಪಾಪ, ಇವನಿಂದ ಆಕೆ ಮನೆ ಕಳ್ಕೊಳ್ತಿದಾಳೆ ಅಂತ ಲೊಚಗುಟ್ಟೋರು. ನಾನೂ ಹಾಗೇ ಅಂದ್ಕೊಂಡಿದ್ದೆ. ರಾತ್ರಿಯೆಲ್ಲ ಹಾಗೇ ಅಂದ್ಕೊಂಡಿರ್ತಿದ್ದೆ."

"ಗೊತ್ತು."

"ಗೊತ್ತಿದ್ದೂ?"

ಅವಳು ಬಗ್ಗಿ ನೆಲದ ಮೇಲಿನ ಹೊದಿಕೆ ಎತ್ತಿಕೊಂಡಳು. ಅವನು ಎದ್ದು, ಪಟ್ಟಿ ನೋಡಿಕೊಂಡು ಮೆಟ್ಟಿಲೇರಿ, ಕೋಣೆಯ ಬಾಗಿಲು ಹಾಕಿಕೊಂಡ. ಅಂದು ಮನೆಯಲ್ಲಿ ಊಟದ ತಟ್ಟೆ ಇಡುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಭಾನುವಾರ ಸಿಂಗಾರದಕ್ಕ ಬೇಗನೆ ಬಂದು, ಕಿಟಕಿಗಳನ್ನು ತೆರೆದು, ದೀಪಗಳನ್ನು ಹಚ್ಚಿದಳು. ಲ್ಯಾಬಮ್ಮನ ಮುಖ ನೋಡಿ, "ಏನಮ್ಮಾ, ಮನೆಗೆ ಕಳೆ ಬಂದ್ರೆ ನಿಮ್ಮದು ಹೋಯ್ತಲ್ಲ," ಎಂದಳು.

"ಅವರು ಮಾರಲ್ಲ ಅಂದ್ರೆ ಬಂದವರ ಮುಂದೆ ನೀವು ಒತ್ತಾಯ ಮಾಡ್ಬೇಡಿ ಅಕ್ಕಾ. ನಾನೂ ಮಾಡಲ್ಲ," ಎಂದಳು ಲ್ಯಾಬಮ್ಮ.

ಸಿಂಗಾರದಕ್ಕ ಏನೋ ಕೇಳುವಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಬಂದವರು ಒಬ್ಬ ಬೇಕರಿಯವನು ಮತ್ತು ಅವನ ಹೆಂಡತಿ. ಬೇಕರಿಯವನು ಗೋಡೆ ತಟ್ಟಿ ನೋಡುತ್ತಿದ್ದ. ಹೆಂಡತಿ ಮಾತಾಡದೆ ಒಂದೊಂದು ಬಾಗಿಲ ಮುಂದೆಯೂ ಒಂದು ಗಳಿಗೆ ನಿಲ್ಲುತ್ತಿದ್ದಳು. ಅಷ್ಟರಲ್ಲಿ ನಕ್ಷೆಯಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಇಳಿದು ಬಂದ. ಲ್ಯಾಬಮ್ಮನ ಕಡೆ ತಿರುಗಲಿಲ್ಲ. "ಬನ್ನಿ, ಮೇಲೆ ತೋರಿಸ್ತೀನಿ. ಈ ಮನೆ ನಕ್ಷೆ ನಂದೇ," ಎಂದು ಮುಂದೆ ನಡೆದ.

ಕೆಳಗೆ ನಿಂತ ಹೆಂಗಸರಿಬ್ಬರಿಗೂ ಅವನ ದನಿ ಕೇಳಿಸುತ್ತಿತ್ತು. "ಈ ಕಿಟಕಿ ಮಳೆ ಬಂದಾಗ ಬಿಗಿಯುತ್ತೆ. ತಳ್ಳಬಾರದು, ಸ್ವಲ್ಪ ಎತ್ತಿ ತಳ್ಳಬೇಕು. ಹಿಂದಿನ ಕೋಣೆಗೆ ಬೇಸಿಗೆಯಲ್ಲಿ ಸೆಕೆ. ನಕ್ಷೆ ಬರೆಯೋವಾಗ ಅದು ನನಗೆ ಹೊಳೀಲಿಲ್ಲ."

"ಅಯ್ಯೋ ದೇವರೇ," ಎಂದು ಸಿಂಗಾರದಕ್ಕ ತಲೆ ಹಿಡಿದುಕೊಂಡಳು. "ಹೆಣ್ಣು ತೋರಿಸೋರು ಯಾರಾದ್ರೂ ಗೊರಕೆ ಹೊಡೀತಾಳೆ ಅಂತ ಹೇಳ್ತಾರಾ?"

"ಹೇಳ್ಲಿ ಬಿಡಿ," ಎಂದಳು ಲ್ಯಾಬಮ್ಮ.

ಅವರು ಇಳಿದು ಬಂದರು. ಬೇಕರಿಯವನ ಹೆಂಡತಿ ಕೊನೆಯ ಮೆಟ್ಟಿಲ ಮೇಲೆಯೇ ನಿಂತು, ಅಷ್ಟು ಹೊತ್ತಿಗೆ ಮೊದಲ ಸಲ ಬಾಯಿ ಬಿಟ್ಟಳು. "ಇಷ್ಟು ಅಕ್ಕರೆಯಿಂದ ತೋರಿಸ್ತಿದೀರಿ. ಮತ್ತೆ ಮಾರೋದು ಯಾಕೆ ಸಾರ್?"

ಬೀದಿಯವರಿಗೆಲ್ಲ ಕೊಟ್ಟ ಉತ್ತರ ಲ್ಯಾಬಮ್ಮನ ಗಂಟಲಲ್ಲೇ ಇತ್ತು. ಅವಳು ನುಂಗಿಕೊಂಡಳು.

"ನನ್ನ ಹೆಂಡತಿ ಎರಡು ಬಸ್ಸು ಹತ್ತಿ ಕೆಲಸಕ್ಕೆ ಹೋಗ್ತಾಳಮ್ಮ," ಎಂದ ನಕ್ಷೆಯಪ್ಪ. "ಅವಳಿಗೆ ಸಾಕಾಗಿದೆ. ನನಗಿನ್ನೂ ಸಾಕಾಗಿಲ್ಲ, ಸುಳ್ಳು ಹೇಳಲ್ಲ. ಆದ್ರೆ ಮನೇಲಿ ಕೂತವನು ನಾನು. ಹತ್ತಿ ಇಳಿದವಳು ಅವಳು."

ಬೇಕರಿಯವನ ಹೆಂಡತಿ ಲ್ಯಾಬಮ್ಮನ ಕಡೆ ನೋಡಿದಳು. ಅದು ಬೀದಿಯವರ ನೋಟವಾಗಿರಲಿಲ್ಲ. ಕಾಲು ಸೋತ ಹೆಂಗಸೊಬ್ಬಳನ್ನು ಇನ್ನೊಬ್ಬಳು ಬಸ್‌ಸ್ಟಾಪಿನಲ್ಲಿ ನೋಡಿದ ಹಾಗಿತ್ತು. ಆಮೇಲೆ ಅವಳು ಗಂಡನ ತೋಳು ಮುಟ್ಟಿದಳು, ಅವನು ತಲೆಯಾಡಿಸಿದ.

"ನಮ್ಮ ಬೇಕರಿ ಈ ದಿಬ್ಬದ ಕೆಳಗೇ. ಹತ್ತಿರ ಆಗುತ್ತೆ," ಎಂದ ಅವನು. "ಮಾತುಕತೆ ದಲ್ಲಾಳಿ ಎದುರೇ ಮುಗಿಸೋಣ. ಮನೆ ಯಾವಾಗ ಬಿಟ್ಟು ಕೊಡ್ತೀರಿ ಸಾರ್?"

ನಕ್ಷೆಯಪ್ಪ ಹೆಂಡತಿ ನಿಂತ ಕಡೆಗೆ ತಿರುಗಿದ. ಅವಳು ತಿಳಿಬಣ್ಣದ ಸೀರೆಯುಟ್ಟು ಬಿಳಿ ಗೋಡೆಗೆ ಒರಗಿದ್ದಳು. ಅಲ್ಲಿ ಅವಳು ಅವನಿಗೆ ಕಾಣುವಂತಿರಲಿಲ್ಲ. ಆದರೂ ಅವನು ಸರಿಯಾಗಿ ಅವಳತ್ತಲೇ ಕೈ ತೋರಿಸಿದ.

"ಅವಳನ್ನ ಕೇಳಿ."

ಲ್ಯಾಬಮ್ಮ ಗೋಡೆ ಬಿಟ್ಟು ಮುಂದೆ ಬಂದಳು. "ತಿಂಗಳ ಕೊನೆಗೆ," ಎಂದಳು. ಆಮೇಲೆ ಸೆರಗು ಸರಿಮಾಡಿಕೊಂಡು ಇನ್ನೊಮ್ಮೆ, ಎಲ್ಲರಿಗೂ ಕೇಳುವಂತೆ ಹೇಳಿದಳು: "ನನಗೆ ತಿಂಗಳ ಕೊನೆಗೆ ಹೋಗಬೇಕು."